ಗೊರಸುಗಲ್ಲು ಧಾರವಾಡಕ್ಕೆ ಹೋದದ್ದು

ಕಾವಲಹಟ್ಟಿ, ಅಜ್ಜಂಪುರ
9 ಜೂನ್ 2024

ಶಿರೀನ್ ತಾಜ್ ಮೇಡಂ ಅವರಿಗೆ ಷಣ್ಮುಖಪ್ಪನ ಶರಣು.

ಈ ಕಾಗದವನ್ನೂ ಒಂದು ಸ್ಟೀಲ್ ಡಬ್ಬಿಯನ್ನೂ ನಿಮ್ಮ ತಂದೆ ಮುನೀರ್ ಪಾಷಾ ಅವರ ಕೈಯಲ್ಲಿ ಕೊಟ್ಟಿದ್ದೇನೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ತೆರೆಯಿರಿ. ಅಡಿಗೆ ಹತ್ತಿ ಹಾಕಿದ್ದೇನೆ, ಮೇಲಕ್ಕೆ ಸಾಲಲಿಲ್ಲ, ಹಳೇ ಪಂಚೆಯ ತುಂಡು ತುರುಕಿದ್ದೇನೆ. ಪಂಚೆ ಒಗೆದದ್ದೇ. ಆದರೂ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಅವರನ್ನು ತಳ್ಳಿದರೆ ಏನು ಗತಿ ಎಂದು ಬೆಳಗಿನಿಂದ ಯೋಚನೆ.

ನಿಮ್ಮ ತಂದೆ ನಮ್ಮ ಎತ್ತುಗಳಿಗೆ ಲಾಳ ಕಟ್ಟುವವರು. ಹೋದ ವಾರ ಬಂದಾಗ ನಮ್ಮ ದೇವರ ಗೂಡಿನ ಕಲ್ಲು ನೋಡಿದರು. ತಮ್ಮ ಮಗಳು ಧಾರವಾಡದ ಕಾಲೇಜಿನಲ್ಲಿ ಕಲ್ಲಿನ ವಿದ್ಯೆಯನ್ನೇ ಕಲಿಸುತ್ತಾಳೆ, ಅವಳು ನೋಡಿದರೆ ಕಲ್ಲಿನ ಜಾತಕ ಹೇಳುತ್ತಾಳೆ ಎಂದರು. ಅದಕ್ಕೇ ಧೈರ್ಯ ಮಾಡಿದೆ.

ಇದಕ್ಕೆ ನಾವು ಬಸವನ ಗೊರಸು ಎನ್ನುತ್ತೇವೆ. ಊರಿನವರಿಗೆ ಗೊರಸುಗಲ್ಲು. ಅಂಗೈಯಷ್ಟಿದೆ. ನಡುವೆ ಓಣಿ, ಎರಡು ಬದಿಗೂ ಗೆರೆಗಳು, ಹಿಂದೆ ಚಪ್ಪಟೆ, ಥೇಟು ಕರುವಿನ ಗೊರಸು. ಯಾರ ಮನೆಯಲ್ಲಾದರೂ ಹಸು ಕರು ಹಾಕಲು ಕಷ್ಟಪಟ್ಟರೆ ನಮ್ಮ ಮನೆಗೆ ಬರುತ್ತಾರೆ. ಕಲ್ಲನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ನಾನೇ ಹೊತ್ತುಕೊಂಡು ಹೋಗಬೇಕು. ಗಂಟು ಬಿಚ್ಚದೆ ನೀರಿನಲ್ಲಿ ಅದ್ದಿ ಆ ನೀರನ್ನು ಹಸುವಿನ ಬೆನ್ನಿಗೆ ಚಿಮುಕಿಸುತ್ತೇವೆ. ಕರು ನೆಲಕ್ಕೆ ಬೀಳುವವರೆಗೂ ನಾನು ಅಲ್ಲೇ ಕೂರಬೇಕು, ಒಂದು ಮಾತೂ ಆಡಬಾರದು. ಆಮೇಲೆ ಅವರು ನಮ್ಮ ಮನೆಗೆ ಗಿಣ್ಣು ಕಳಿಸುತ್ತಾರೆ. ನಮ್ಮ ಅಪ್ಪ, ಅವರಪ್ಪ, ಎಲ್ಲರೂ ಹೀಗೇ ನಡೆಸಿಕೊಂಡು ಬಂದದ್ದು.

ಈಗ ವಿಷಯ. ಯುಗಾದಿಯಲ್ಲಿ ಗೂಡು ಒರೆಸುವಾಗ ಕಲ್ಲಿನಲ್ಲಿ ಬಿರುಕು ಕಂಡಿತು. ಕೂದಲಿನಷ್ಟು ಸಣ್ಣದು. ಅವತ್ತಿನಿಂದ ನನಗೆ ಊಟ ಸರಿಯಾಗಿ ಸೇರುತ್ತಿಲ್ಲ. ಅದು ಸೀಳಿಹೋಗುತ್ತದೆಯೇ, ಏನಾದರೂ ಹಚ್ಚಿ ಕೂಡಿಸಬಹುದೇ, ಇಷ್ಟು ಹೇಳಿ ವಾಪಸ್ ಕಳಿಸಿ. ಪಕ್ಕದ ಮನೆ ತಿಪ್ಪೇಶನ ಹಸು ಮುಂದಿನ ತಿಂಗಳ ಕೊನೆಗೆ ಕರು ಹಾಕಬೇಕು. ಅಷ್ಟರೊಳಗೆ ಕಲ್ಲು ಇಲ್ಲಿರಬೇಕು.

ನನಗೆ ಫೋನ್ ಮಾಡಬೇಡಿ. ಬರೆಯಿರಿ.

ಷಣ್ಮುಖಪ್ಪ

ಮರೆತೆ: ಕಲ್ಲನ್ನು ಬೋರಲು ಇಡಬಾರದು.


ಧಾರವಾಡ
20 ಜೂನ್ 2024

ಮಾನ್ಯ ಷಣ್ಮುಖಪ್ಪನವರಿಗೆ,

ಡಬ್ಬಿ ಸುರಕ್ಷಿತವಾಗಿ ತಲುಪಿತು. ಅಬ್ಬಾ ಅದನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದರಂತೆ. ಪಕ್ಕದವರು ಒಳಗೆ ಲಾಡು ಇದೆ ಎಂದುಕೊಂಡು ಹುಬ್ಬಳ್ಳಿಯವರೆಗೂ ನೋಡುತ್ತಿದ್ದರಂತೆ.

ಮೊದಲು ಸಮಾಧಾನದ ಸುದ್ದಿ. ಬಿರುಕು ಕಲ್ಲಿನದಲ್ಲ. ತಲೆತಲಾಂತರದಿಂದ ಹಚ್ಚಿದ ಎಣ್ಣೆ, ವಿಭೂತಿ ಮೇಲೆ ಪದರವಾಗಿ ಗಟ್ಟಿಯಾಗಿವೆ. ಬಿರಿದದ್ದು ಆ ಪದರ. ಒಂದು ಬದಿಯನ್ನು ಮೆತ್ತಗಿನ ಬ್ರಷ್‌ನಿಂದ ಒರೆಸಿ ನೋಡಿದೆ, ಒಳಗೆ ಕಲ್ಲು ಗಟ್ಟಿಮುಟ್ಟಾಗಿದೆ. ನೀವು ನೆಮ್ಮದಿಯಾಗಿ ಊಟ ಮಾಡಬಹುದು.

ಇನ್ನೊಂದು ವಿಷಯವನ್ನು ಹೇಗೆ ಹೇಳಬೇಕೋ ತಿಳಿಯದೆ ಕಾಗದ ತಡವಾಯಿತು. ಇದು ಗೊರಸಲ್ಲ. ಸಮುದ್ರದ ತಳದಲ್ಲಿ ಬದುಕಿದ್ದ ಒಂದು ಪ್ರಾಣಿಯ ಚಿಪ್ಪು, ಕಲ್ಲಾಗಿದೆ. ಈ ಗುಂಪಿಗೆ ಬ್ರೇಕಿಯೋಪಾಡ್ ಎನ್ನುತ್ತೇವೆ. ನೋಡಲು ಕಪ್ಪೆಚಿಪ್ಪಿನ ಹಾಗಿದ್ದರೂ ಅದರ ನೆಂಟನಲ್ಲ. ಕಪ್ಪೆಚಿಪ್ಪಿನ ಎರಡು ಹೋಳು ಸಾಮಾನ್ಯವಾಗಿ ಒಂದಕ್ಕೊಂದು ಕನ್ನಡಿಯಂತಿರುತ್ತವೆ. ಇದರಲ್ಲಿ ಮೇಲಿನದೇ ಬೇರೆ, ಕೆಳಗಿನದೇ ಬೇರೆ. ನಿಮ್ಮ ಕಲ್ಲಿನ ನಡುವಿನ ಓಣಿ ನುಣುಪಾಗಿದೆ, ಬದಿಗಳಲ್ಲಿ ಮಾತ್ರ ಗೆರೆ ಇದೆ, ಹಿಂದಿನ ಚಪ್ಪಟೆ ಜಾಗ ಎತ್ತರವಾದ ತ್ರಿಕೋನ. ಇದೆಲ್ಲ ನೋಡಿದರೆ ನನಗೆ ಒಂದು ಹೆಸರು ನೆನಪಾಗುತ್ತದೆ: ಸಿರಿಂಗೋಥೈರಿಸ್. ಆ ಕುಲ ಭೂಮಿಯಿಂದ ಅಳಿದು ಮೂವತ್ತು ಕೋಟಿ ವರ್ಷಕ್ಕೂ ಹೆಚ್ಚಾಯಿತು.

ಆದರೆ ಖಚಿತವಾಗಿ ಹೇಳಲಾರೆ. ಆ ಕುಲವಾಗಿದ್ದರೆ ಕೊಕ್ಕಿನ, ಅಂದರೆ ಚಿಪ್ಪಿನ ಹಿಂದಿನ ಮೊನೆಯ, ಒಳಗೆ ಒಂದು ಸಣ್ಣ ಕೊಳವೆ ಇರಬೇಕು. ಹೊರಗಿನಿಂದ ಅದು ಕಾಣುವುದಿಲ್ಲ. ಕೊಯ್ದರೆ ಮಾತ್ರ ತಿಳಿಯುತ್ತದೆ. ಈ ಬಗ್ಗೆ ಮಾತಾಡೋಣ ಎಂದು ಫೋನ್ ಮಾಡಿದೆ, ನೀವು ಎತ್ತಿ ಇಟ್ಟುಬಿಟ್ಟಿರಿ. ಬೇಡವೆಂದಿದ್ದರೂ ಮಾಡಿದ್ದು ತಪ್ಪೇ. ಆದರೂ ಬಿಡುವಾದಾಗ ಒಮ್ಮೆ ನೀವೇ ಮಾಡಿ.

ವಿಶ್ವಾಸದಿಂದ,
ಶಿರೀನ್ ತಾಜ್


ಕಾವಲಹಟ್ಟಿ
28 ಜೂನ್ 2024

ಮೇಡಂ,

ನಿಮ್ಮ ಕಾಗದ ಓದಿದೆ. ಮತ್ತೆ ಓದಿದೆ. ಹಿತ್ತಲಿಗೆ ಹೋಗಿ ಇನ್ನೊಮ್ಮೆ ಓದಿದೆ.

ಕೊಯ್ದುಬಿಟ್ಟಿದ್ದೀರಿ ಅಲ್ಲವೇ? ಕೊಯ್ಯದಿದ್ದರೆ ಒಳಗೆ ಗಟ್ಟಿಮುಟ್ಟಾಗಿದೆ ಎಂದು ನಿಮಗೆ ಹೇಗೆ ಗೊತ್ತಾಯಿತು? ಒಳಗೆ ಕೊಳವೆ ಇರುತ್ತದೆ ಎಂದು ಹೇಗೆ ಗೊತ್ತಾಯಿತು? ಕಾಗದದಲ್ಲಿ ಹೇಳಲು ಆಗದೆ ಫೋನ್ ಮಾಡಿ ಎನ್ನುತ್ತಿದ್ದೀರಿ ಎಂದು ನನ್ನ ಮನಸ್ಸಿಗೆ ಬಂದಿದೆ. ಬಂದದ್ದು ಹೋಗುತ್ತಿಲ್ಲ.

ಕೊಯ್ದಿದ್ದರೆ ಕೊಯ್ದಿದ್ದೇನೆ ಎಂದು ಬರೆಯಿರಿ. ಎಷ್ಟು ತುಂಡಿದೆಯೋ ಅಷ್ಟನ್ನೂ ಕಳಿಸಿ. ಪುಡಿ ಉದುರಿದ್ದರೆ ಅದನ್ನೂ ಒಂದು ಕಾಗದದಲ್ಲಿ ಕಟ್ಟಿ. ಆದರೆ ಅಂಚೆಯಲ್ಲಿ ಹಾಕಬೇಡಿ, ಸೀಲು ಗುದ್ದುವಾಗ ಒಡೆಯುತ್ತಾರೆ. ನಿಮ್ಮ ತಂದೆ ಬಂದಾಗಲೇ ಕೊಡಿ.

ಗೊರಸಲ್ಲ ಎಂಬುದನ್ನು ಯಾರಿಗೂ ಹೇಳಿಲ್ಲ. ಯಶೋದಾಗೂ ಹೇಳಿಲ್ಲ. ಅವಳು ನನ್ನ ಮನೆಯಾಕೆ, ಈಗಲೂ ದಿನಾ ಖಾಲಿ ಗೂಡಿಗೇ ದೀಪ ಹಚ್ಚುತ್ತಿದ್ದಾಳೆ.

ಫೋನ್ ಮಾತ್ರ ಮಾಡುವುದಿಲ್ಲ. ದಯವಿಟ್ಟು ಕೇಳಬೇಡಿ.

ಷಣ್ಮುಖಪ್ಪ


ಧಾರವಾಡ
6 ಜುಲೈ 2024

ಷಣ್ಮುಖಪ್ಪನವರಿಗೆ,

ನಿಮ್ಮ ಕಲ್ಲನ್ನು ನಾನು ಕೊಯ್ದಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಕೊಯ್ಯುವುದೂ ಇಲ್ಲ. ಕೊಳವೆಯ ವಿಷಯ ತಿಳಿದಿರುವುದು ಬೇರೆಯವರು ಬೇರೆ ಚಿಪ್ಪುಗಳನ್ನು ಕೊಯ್ದು ಬರೆದಿಟ್ಟಿರುವುದರಿಂದ. ಕಲ್ಲು ನೀವು ಕಳಿಸಿದ ಹಾಗೇ, ನಿಮ್ಮದೇ ಪಂಚೆಯ ತುಂಡಿನಲ್ಲಿ, ನನ್ನ ಬೀರುವಿನಲ್ಲಿದೆ. ಬೋರಲು ಇಟ್ಟಿಲ್ಲ.

ಒಂದು ಮಾತು ಕೇಳಬೇಕೋ ಬೇಡವೋ ಎಂದು ಯೋಚಿಸಿ ಕೇಳುತ್ತಿದ್ದೇನೆ. ನೀವು ನನ್ನೊಡನೆ ಮಾತಾಡಲು ಒಪ್ಪುತ್ತಿಲ್ಲ, ಕಲ್ಲು ಬೇಗ ವಾಪಸ್ ಬರಲಿ ಎನ್ನುತ್ತೀರಿ. ದೇವರ ಗೂಡಿನದು ನಮ್ಮಂಥವರ ಕೈಗೆ ಬಂದದ್ದು, ನಾನು ಮುಟ್ಟಿ ಒರೆಸಿದ್ದು ನಿಮ್ಮ ಮನಸ್ಸಿಗೆ ಒಗ್ಗಿಲ್ಲವೇನೋ. ಹಾಗಿದ್ದರೆ ನೇರವಾಗಿ ಹೇಳಬಹುದಿತ್ತು. ನನಗೆ ಇದು ಹೊಸದಲ್ಲ.

ಅಬ್ಬಾ ಆಗಸ್ಟ್ ಮೊದಲ ವಾರ ಇಲ್ಲಿಗೆ ಬರುತ್ತಾರೆ. ತಿಪ್ಪೇಶ ಅವರ ಹಸುವಿಗೆ ಅದು ತಡವಾಗುತ್ತದೆ ಎಂದು ಗೊತ್ತು. ಅಂಚೆ ಬೇಡವೆಂದವರು ನೀವೇ.

ಶಿರೀನ್ ತಾಜ್


ಕಾವಲಹಟ್ಟಿ
12 ಜುಲೈ 2024

ಶಿರೀನಮ್ಮನವರಿಗೆ,

ನಿಮ್ಮ ಕಾಗದ ಯಶೋದಾಗೆ ತೋರಿಸಲು ನನಗೆ ನಾಚಿಕೆಯಾಯಿತು. ಆಮೇಲೆ ತೋರಿಸಿದೆ. ಅವಳು ಓದಿ, ಆ ಹೆಣ್ಣುಮಗಳಿಗೆ ಇದ್ದದ್ದು ಇದ್ದಂಗೆ ಬರೀರಿ, ಇಲ್ದಿದ್ರೆ ನಾನೇ ಬರೀತೀನಿ ಎಂದಳು. ಅವಳು ಬರೆದರೆ ಬೇರೆ ಏನೇನೋ ಸೇರಿಸುತ್ತಾಳೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ನಮ್ಮ ಎತ್ತಿನ ಕಾಲು ತೊಡೆಯ ಮೇಲಿಟ್ಟುಕೊಂಡು ಲಾಳ ಹೊಡೆಯುವ ಕೈ ನಿಮ್ಮ ತಂದೆಯದು. ಕಲ್ಲನ್ನು ಗೂಡಿನಿಂದ ಎತ್ತಿ ಆ ಕೈಗೆ ಕೊಟ್ಟವನು ನಾನೇ. ನೀವು ಬರೆದದ್ದು ನನ್ನ ತಲೆಯಲ್ಲಿ ಇಲ್ಲವೇ ಇಲ್ಲ. ಆದರೆ ನಿಮಗೆ ಹಾಗೆ ಅನಿಸುವಂತೆ ಮಾಡಿದ್ದು ನನ್ನ ಕಾಗದವೇ.

ನನಗೆ ಮಾತು ತೊಡರುತ್ತದೆ. ಉಗ್ಗು. ಚಿಕ್ಕಂದಿನಿಂದ. ಎದುರಿಗೆ ಇದ್ದವರು ಹೇಗೋ ಕಾಯುತ್ತಾರೆ, ಫೋನಿನಲ್ಲಿ ಯಾರೂ ಕಾಯುವುದಿಲ್ಲ. ಹಲೋ ಹಲೋ ಎಂದು ಇಟ್ಟುಬಿಡುತ್ತಾರೆ. ಅವತ್ತು ನಿಮ್ಮ ಫೋನ್ ಎತ್ತಿದೆ. ನೀವು ಹೆಸರು ಹೇಳಿದಿರಿ. ನಾನು ನನ್ನ ಹೆಸರು ಹೇಳಬೇಕಿತ್ತು. ನನ್ನ ಹೆಸರೇ ನನಗೆ ಬಹಳ ಕಷ್ಟ. ಅಪ್ಪ ಬೇರೆ ಹೆಸರು ಇಡಬಹುದಿತ್ತು.

ಏಳನೇ ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದಲು ಹೇಳಿದರು. ಮ ಅಕ್ಷರದಲ್ಲಿ ಸಿಕ್ಕಿಕೊಂಡೆ. ಹುಡುಗರು ನಕ್ಕರು. ಮೇಷ್ಟರೂ ನಕ್ಕರು. ಮಾರನೇ ದಿನ ಪುಸ್ತಕ ಬಿಟ್ಟು ದನ ಹೊಡೆದುಕೊಂಡು ಕಾವಲಿಗೆ ಹೋದೆ. ಕಾಗದದಲ್ಲಿ ಈ ತಾಪತ್ರಯವಿಲ್ಲ. ಬಾಯಲ್ಲಿ ಆದರೆ ಒಂದು ಪದ ಬರುವುದಿಲ್ಲ ಎಂದು ಮೊದಲೇ ಗೊತ್ತಾಗಿ ಬೇರೆ ಪದ ಹುಡುಕುತ್ತೇನೆ. ಹಾಲು ಬೇಕು ಎನ್ನಲು ಆಗದೆ ಮಜ್ಜಿಗೆ ಕುಡಿದು ಬಂದಿದ್ದೇನೆ. ಇಲ್ಲಿ ನನಗೆ ಬೇಕಾದ ಪದವನ್ನೇ ಬರೆಯಬಹುದು.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಕಲ್ಲು ಹೊತ್ತವನು ಮಾತಾಡಬಾರದು ಎಂದು ಬರೆದಿದ್ದೆನಲ್ಲ. ಊರಿನಲ್ಲಿ ಎಲ್ಲಿ ಹೋದರೂ ನಾನು ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾನೆ ಎಂದು ಎಲ್ಲರಿಗೂ ಗೊತ್ತು. ಹಸುವಿನ ಪಕ್ಕ ಕಲ್ಲು ಹಿಡಿದು ಕೂತಾಗ ಮಾತ್ರ ನಾನು ಸುಮ್ಮನಿರುವುದೇ ಸರಿ. ಅಲ್ಲಿ ದೊಡ್ಡವರೂ ನನ್ನ ಮುಂದೆ ದನಿ ತಗ್ಗಿಸುತ್ತಾರೆ. ಈಗ ನೀವು ಅದು ಚಿಪ್ಪು ಎಂದಿರಿ. ಊರಿಗೆ ತಿಳಿದರೆ ನಾಳೆಯಿಂದ ಯಾರು ಬರುತ್ತಾರೆ? ಕೊಯ್ಯಿರಿ ಎನ್ನಲು ಕೈ ಬರುವುದಿಲ್ಲ. ಬೇಡ ಎನ್ನಲೂ ಆಗುತ್ತಿಲ್ಲ, ಹೆಸರು ಏನಿರಬಹುದು ಎಂದು ನನಗೂ ಹತ್ತಿಕೊಂಡಿದೆ.

ನಿಮ್ಮ ತಂದೆ ನನ್ನ ಉಗ್ಗಿನ ವಿಷಯ ಹೇಳಿಲ್ಲವೇ? ಅವರ ಮಾತಿನ ನಡುವೆ ನಾನು ಬಾಯಿ ತೆರೆಯುವ ಸಂದರ್ಭವೇ ಬಂದಿಲ್ಲ, ಅವರಿಗೇ ಗೊತ್ತಿಲ್ಲದಿರಬಹುದು.

ಷಣ್ಮುಖಪ್ಪ


ಧಾರವಾಡ
19 ಜುಲೈ 2024

ಷಣ್ಮುಖಪ್ಪಣ್ಣ,

ಹೀಗೆ ಕರೆಯಬಹುದಲ್ಲವೇ?

ಅಬ್ಬಾನನ್ನು ಫೋನಿನಲ್ಲಿ ಕೇಳಿದೆ. ಅವರು ಹೇಳಿದ್ದು ಇಷ್ಟೇ: "ಒಳ್ಳೆ ಮನುಷ್ಯ, ಮಾತು ಕಮ್ಮಿ. ಎತ್ತು ಕೆಡವಿದಾಗ ಅವ್ರು ಕೊಂಬು ಹಿಡ್ಕೊಂಡ್ರೆ ಎತ್ತು ಮಿಸುಕಾಡಲ್ಲ." ಉಗ್ಗಿನ ಮಾತು ಎತ್ತಿದ್ದಕ್ಕೆ ಅವರಿಗೆ ಗೊತ್ತಿತ್ತೋ ಇಲ್ಲವೋ ಹೇಳದೆ ಮಾತು ತಿರುಗಿಸಿದರು. ನಾನು ನಿಮ್ಮ ಬಗ್ಗೆ ಅವಸರಪಟ್ಟು ಏನೋ ಅಂದುಕೊಂಡೆ. ತಪ್ಪಾಯಿತು.

ತರೀಕೆರೆಯ ಸ್ಕೂಲಿನಲ್ಲಿ ನಾನು ಎದ್ದು ಓದಿದಾಗಲೂ ನಗುತ್ತಿದ್ದರು. ಮನೆಯ ದಖನಿ ಉರ್ದು ನನ್ನ ಕನ್ನಡದಲ್ಲಿ ಇಣುಕುತ್ತಿತ್ತು. ನಾನು ಹಟ ಹಿಡಿದು ಎಲ್ಲರಿಗಿಂತ ಜೋರಾಗಿ ಓದಲು ಕಲಿತೆ. ಈಗ ನನ್ನ ವಿದ್ಯಾರ್ಥಿಗಳು ನನ್ನ ಗಂಟಲಿಗೆ ಹೆದರುತ್ತಾರೆ.

ನನಗೆ ಒಂದು ಕುತೂಹಲ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಬಂಡೆಗಳು ಈ ಚಿಪ್ಪಿಗಿಂತ ಎಷ್ಟೋ ಪಟ್ಟು ಹಳೆಯವು. ಅವು ಹುಟ್ಟಿದಾಗ ಚಿಪ್ಪಿನ ಪ್ರಾಣಿಗಳೇ ಇರಲಿಲ್ಲ. ಹಾಗಾಗಿ ಈ ಕಲ್ಲು ನಿಮ್ಮ ಊರಿನದಾಗಿರಲು ಸಾಧ್ಯವಿಲ್ಲ. ಸಿರಿಂಗೋಥೈರಿಸ್ ನಮ್ಮ ದೇಶದಲ್ಲಿ ಸಿಕ್ಕಿರುವುದು ಕಾಶ್ಮೀರ, ಸ್ಪಿತಿಯ ಕಡೆ, ಹಿಮಾಲಯದ ಸುಣ್ಣಗಲ್ಲಿನಲ್ಲಿ. ಅದು ನಿಮ್ಮ ಗೂಡಿಗೆ ಹೇಗೆ ಬಂತು?

ಕಲ್ಲನ್ನು ನಾನೇ ತಂದುಕೊಡುತ್ತಿದ್ದೆ, ಪರೀಕ್ಷೆಯ ಕೆಲಸ ಬಿಡುತ್ತಿಲ್ಲ.

ಶಿರೀನ್


ಕಾವಲಹಟ್ಟಿ
2 ಆಗಸ್ಟ್ 2024

ಶಿರೀನಮ್ಮ,

ನಾವು ಇಲ್ಲಿ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯಬೇಕು. ಚೆನ್ನಾಗಿದ್ದೇವೋ ಇಲ್ಲವೋ ನನಗೇ ಗೊತ್ತಾಗುತ್ತಿಲ್ಲ. ನಡೆದದ್ದು ಬರೆಯುತ್ತೇನೆ, ನೀವೇ ಹೇಳಿ.

ಹೋದ ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ತಿಪ್ಪೇಶ ಓಡಿಬಂದ. ಹಸುವಿಗೆ ಬೆಳಗಿನಿಂದ ನೋವು, ನೀರಿನ ಚೀಲ ಒಡೆದು ಬಹಳ ಹೊತ್ತಾಯಿತು, ಕಲ್ಲು ತಗೊಂಡು ಬಾ ಎಂದ. ಕಲ್ಲು ಧಾರವಾಡಕ್ಕೆ ಹೋಗಿದೆ ಎಂದು ಹೇಳಬೇಕಿತ್ತು. ಧ ಬರಲಿಲ್ಲ. ಬೇರೆ ಪದ ಹುಡುಕಿದೆ. ಧಾರವಾಡಕ್ಕೆ ಬೇರೆ ಪದ ಇಲ್ಲ. ನನ್ನ ಮುಖ ನೋಡಿ ತಿಪ್ಪೇಶ, "ಸರಿ ಸರಿ, ನೀ ಮಾತಾಡ್ಬೇಡ, ಗೊತ್ತು" ಎಂದ. ನಾನು ಆಗಲೇ ಮೌನ ಹಿಡಿದೆ ಎಂದುಕೊಂಡುಬಿಟ್ಟ.

ಯಶೋದಾ ಕೆರೆ ಕಡೆ ಹೋಗಿದ್ದಳು. ನಾನು ಒಳಗೆ ಹೋಗಿ ನಿಂತೆ. ಗೂಡು ಖಾಲಿ. ಬಚ್ಚಲಿನಲ್ಲಿ ಅವಳು ಹಿಮ್ಮಡಿ ಉಜ್ಜುವ ಕಲ್ಲು ಇತ್ತು. ಹೆಚ್ಚುಕಡಿಮೆ ಅಷ್ಟೇ ಗಾತ್ರ. ಅದನ್ನೇ ಕೆಂಪು ಬಟ್ಟೆಯಲ್ಲಿ ಕಟ್ಟಿದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ. ಬಾಗಿಲಲ್ಲಿ ಮನುಷ್ಯ ಕಾಯುತ್ತಿದ್ದ.

ಹೋಗಿ ಹಸುವಿನ ಪಕ್ಕ ಕೂತೆ. ಗಂಟನ್ನು ನೀರಿಗೆ ಅದ್ದಿದರು, ಚಿಮುಕಿಸಿದರು. ತಿಪ್ಪೇಶನ ತಾಯಿ ಅಂಜಿನಮ್ಮ ಕೈ ಮುಗಿದಳು. ಕರುವಿನ ಒಂದು ಕಾಲು ಕಾಣುತ್ತಿತ್ತು. ಇನ್ನೊಂದು ಕಾಲು ಇಲ್ಲ, ಮೂತಿಯೂ ಇಲ್ಲ. ತಲೆ ಹಿಂದಕ್ಕೆ ತಿರುಗಿದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಗುವಂತಿತ್ತು. ಆದರೆ ಕಲ್ಲು ಬಂದಿದೆ ಎಂದು ಎಲ್ಲರೂ ಸಮಾಧಾನವಾಗಿ ನಿಂತಿದ್ದರು. ಒಬ್ಬರು ಬೀಡಿ ಹಚ್ಚಿದರು. ಹಸು ತಲೆ ನೆಲಕ್ಕೆ ಹಾಕಿ ನನ್ನ ಕಡೆ ನೋಡುತ್ತಿತ್ತು.

ಶಿರೀನಮ್ಮ, ಅಲ್ಲಿ ಬಟ್ಟೆಯೊಳಗೆ ಏನಿದೆ ಎಂದು ಗೊತ್ತಿದ್ದವನು ನಾನೊಬ್ಬನೇ. ಇದು ಗೊರಸುಗಲ್ಲಲ್ಲ, ಹಾಗಾದರೆ ನಾನು ಕಲ್ಲು ಹೊತ್ತವನಲ್ಲ, ಹಾಗಾದರೆ ನಾನು ಮಾತಾಡಬಹುದು ಎಂದು ತಲೆಗೆ ಬಂತು. ಡಾಕ್ಟರನ್ನು ಕರೀ ಎನ್ನಲು ಹೋದೆ. ಡ ದಲ್ಲಿ ಸಿಕ್ಕಿಕೊಂಡೆ. ಬಹಳ ಹೊತ್ತು ಸಿಕ್ಕಿಕೊಂಡೆ. ಯಾರೂ ನಗಲಿಲ್ಲ. ಕಲ್ಲು ಹೊತ್ತವನು ಬಾಯಿ ಬಿಟ್ಟದ್ದು ಕಂಡು ಎಲ್ಲರೂ ಬೆಚ್ಚಿ ನಿಂತಿದ್ದರು. ಆಮೇಲೆ ಪದ ಬದಲಿಸಿದೆ. "ಆಸ್ಪತ್ರೆಗೆ ಫೋನ್ ಮಾಡೋ ತಿಪ್ಪೇಶ. ಕರು ಅಡ್ಡ ಐತೆ" ಎಂದೆ. ಅದು ಒಂದೇ ಸಲಕ್ಕೆ ಬಂತು.

ಅಜ್ಜಂಪುರದಿಂದ ಡಾಕ್ಟರು ಮೋಟಾರ್ ಸೈಕಲಿನಲ್ಲಿ ಬಂದರು. ಕರುವನ್ನು ಒಳಕ್ಕೆ ತಳ್ಳಿ, ತಲೆ ಸರಿ ಮಾಡಿ, ಎಳೆದರು. ಹೆಣ್ಣು ಕರು. ಬದುಕಿತು. ಹಸುವೂ ಬದುಕಿತು. ಇನ್ನು ಸ್ವಲ್ಪ ತಡವಾಗಿದ್ದರೆ ಎರಡೂ ಹೋಗುತ್ತಿದ್ದವು ಎಂದು ಡಾಕ್ಟರು ಕೈ ತೊಳೆಯುತ್ತಾ ಹೇಳಿದರು.

ಮನೆಗೆ ಬಂದು ಯಶೋದಾಗೆ ಎಲ್ಲ ಹೇಳಿದೆ. ಅವಳು ನಕ್ಕು ನಕ್ಕು, "ನನ್ನ ಹಿಮ್ಮಡಿ ಕಲ್ಲಿಗೆ ಕರು ಹುಟ್ತು, ಇನ್ಮೇಲೆ ಅದಕ್ಕೂ ವಿಭೂತಿ ಹಚ್ಚಿ" ಎಂದಳು. ನನಗೆ ನಗು ಬರಲಿಲ್ಲ. ನಿಜವಾದ ಕಲ್ಲು ನನ್ನ ಕೈಯಲ್ಲಿದ್ದಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಕೂರುತ್ತಿದ್ದೆ. ಕಾಲು ಒಂದೇ ಕಾಣುತ್ತಿದೆ ಎಂದು ಗೊತ್ತಿದ್ದೂ ಕೂರುತ್ತಿದ್ದೆ. ಇದನ್ನು ಎಲ್ಲಿ ಇಡಲಿ?

ಗಿಣ್ಣು ಬಂದಿಲ್ಲ. ಅಂಜಿನಮ್ಮ ಬೀದಿಯಲ್ಲಿ ಸಿಕ್ಕರೂ ಮಾತಾಡಿಸುತ್ತಿಲ್ಲ.

ಕಲ್ಲು ಬಂದ ಕಥೆ ಕೇಳಿದ್ದೀರಿ. ನಮ್ಮ ಮುತ್ತಜ್ಜನ ತಾತ ದಂಡಿನ ಎತ್ತುಗಳನ್ನು ಹೊಡೆದುಕೊಂಡು ಬಡಗಲ ಬೆಟ್ಟದ ಕಡೆ ಹೋಗಿದ್ದನಂತೆ. ಎಷ್ಟೋ ವರ್ಷದ ಮೇಲೆ ಎತ್ತು ಇಲ್ಲದೆ ಒಬ್ಬನೇ ಬಂದನಂತೆ, ಸೊಂಟದ ಚೀಲದಲ್ಲಿ ಈ ಕಲ್ಲು. ಮಾತಾಡಬಾರದು ಎಂಬ ಕಟ್ಟು ಮಾಡಿದವನು ಅವನೇ. ಅವನ ಹೆಸರು ನಮಗೆ ಗೊತ್ತಿಲ್ಲ. ಮನೆಯಲ್ಲಿ ಮೂಗಜ್ಜ ಎಂದೇ ಕರೆಯುತ್ತಾರೆ.

ಷಣ್ಮುಖಪ್ಪ


ಧಾರವಾಡ
11 ಆಗಸ್ಟ್ 2024

ಷಣ್ಮುಖಪ್ಪಣ್ಣ,

ನಿಮ್ಮ ಕಾಗದ ಓದಿ ನಾನು ಮೊದಲು ಮಾಡಿದ ಕೆಲಸ, ಅಬ್ಬಾಗೆ ಕಲ್ಲು ಕೊಡದೆ ಇಟ್ಟುಕೊಂಡದ್ದು. ನೀವು ಬೈಯಬಹುದು. ಆ ಕಲ್ಲನ್ನು ಈಗಲೇ ನಿಮ್ಮ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಬೇಕೆಂದು ಒಂದು ಗೆರೆ ಬರೆಯಿರಿ, ರಜೆ ಹಾಕಿ ತಂದುಕೊಡುತ್ತೇನೆ.

ಇನ್ನೊಂದನ್ನು ನಾನು ಹೇಳಿರಲಿಲ್ಲ. ಎಲ್ಲಿ ಸಿಕ್ಕಿತು ಎಂದು ಗೊತ್ತಿಲ್ಲದ ಚಿಪ್ಪಿನಿಂದ ನಮ್ಮ ವಿದ್ಯೆಗೆ ಹೆಚ್ಚಿನ ಉಪಯೋಗವಿಲ್ಲ. ಅದರ ಮೇಲೆ ಪ್ರಬಂಧ ಬರೆಯಲಾಗದು. ಕಾಲೇಜಿಗೆ ಅದು ಬೇಕಿಲ್ಲ. ಕೊಯ್ದು ನೋಡುವ ಆಸೆ ನನ್ನೊಬ್ಬಳದೇ. ಆ ಕೊಳವೆಯನ್ನು ನಾನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದೇನೆ. ಇಷ್ಟಕ್ಕೇ ನಿಮ್ಮ ಮನೆಯ ಕಲ್ಲು ಕೊಯ್ಯಬೇಕಿಲ್ಲ.

ಮೂಗಜ್ಜನ ಬಗ್ಗೆ ಓದಿದಾಗ ಒಂದು ಮಾತು ನಾಲಿಗೆಯ ತುದಿಗೆ ಬಂತು. ನಿಮಗೂ ಬಂದಿರುತ್ತದೆ. ಬರೆಯುವುದಿಲ್ಲ.

ಶಿರೀನ್


ಕಾವಲಹಟ್ಟಿ
22 ಸೆಪ್ಟೆಂಬರ್ 2024

ಶಿರೀನಮ್ಮ,

ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಬೈಯಲಿಲ್ಲ, ಕೋಪವೂ ಇಲ್ಲ. ಬರೆದು ಹರಿದು ಹಾಕುತ್ತಿದ್ದೆ. ಇದನ್ನು ಕಡೂರಿಗೆ ಹಿಂಡಿ ತರಲು ಹೋದಾಗ ಅಲ್ಲೇ ಅಂಚೆಗೆ ಹಾಕುತ್ತೇನೆ, ಊರಿನಲ್ಲಿ ಹಾಕಿದರೆ ಯಾರಿಗೆ ಎಂದು ಕೇಳುತ್ತಾರೆ.

ತಿಪ್ಪೇಶನ ಮನೆಯ ಕರು ಹುಟ್ಟಿದ ಮೇಲೆ ಯಾರೂ ನಮ್ಮ ಬಾಗಿಲಿಗೆ ಬಂದಿಲ್ಲ. ಊರಿನಲ್ಲಿ ಎರಡು ಮಾತು ನಡೆಯುತ್ತಿದೆ. ಷಣ್ಮುಖಪ್ಪ ಬಾಯಿ ಬಿಟ್ಟು ಕಲ್ಲಿನ ಸತ್ವ ಕೆಡಿಸಿದ ಎಂದು ಕೆಲವರು. ಬಾಯಿ ಬಿಡದಿದ್ದರೆ ಹಸು ಉಳಿಯುತ್ತಿರಲಿಲ್ಲ ಎಂದು ತಿಪ್ಪೇಶ. ಅವನು ಕರುವಿಗೆ ಗೌರಿ ಎಂದು ಹೆಸರಿಟ್ಟಿದ್ದಾನೆ. ನಾನು ಬೇಲಿಯಾಚೆಯಿಂದ ದಿನಾ ನೋಡುತ್ತೇನೆ. ನನ್ನನ್ನು ಕಂಡರೆ ಬರುತ್ತದೆ. ಅದಕ್ಕೆ ಊರಿನ ಮಾತು ಗೊತ್ತಿಲ್ಲ.

ಕಲ್ಲನ್ನು ಕೊಯ್ಯಿರಿ.

ಇದನ್ನು ಬೇಸರದಿಂದ ಬರೆಯುತ್ತಿಲ್ಲ. ಇಡೀ ಕಲ್ಲು ಹಾಗೇ ವಾಪಸ್ ಬಂದರೆ, ಮುಂದೆ ಯಾರಾದರೂ ಕರೆದರೆ, ನಾನು ಮತ್ತೆ ಅದನ್ನು ಹಿಡಿದು ಸುಮ್ಮನೆ ಕೂತುಬಿಡುತ್ತೇನೆ. ಅಲ್ಲಿ ಕೂರುವುದು ನನಗೆ ಎಷ್ಟು ಹಿತ ಎಂದು ನನಗೆ ಗೊತ್ತು. ಆ ಹೆದರಿಕೆ ನನ್ನದು. ಮೂಗಜ್ಜ ಎತ್ತುಗಳನ್ನು ಕಳೆದುಕೊಂಡು ಬಂದು ಊರಿನವರ ಪ್ರಶ್ನೆಗೆ ಏನು ಹೇಳಬೇಕೋ ತಿಳಿಯದೆ ಕಟ್ಟು ಮಾಡಿದನೋ, ನನ್ನ ಹಾಗೇ ಇದ್ದನೋ. ನೀವು ಬರೆಯದೆ ಬಿಟ್ಟದ್ದು ಇದೇ ಅಲ್ಲವೇ? ಇರಲಿ. ಅವನಿಗೆ ಆಸರೆಯಾಯಿತು, ಅಷ್ಟು ಸಾಕು.

ಸೋಮವಾರ ಬೇಡ, ಬಸವನ ದಿನ. ಕೊಯ್ಯುವ ಮುಂಚೆ ಬರೆದು ತಿಳಿಸಬೇಡಿ, ನಾನು ನಿದ್ದೆ ಮಾಡುವುದಿಲ್ಲ. ಕೊಯ್ದ ಮೇಲೆ ಬರೆಯಿರಿ. ಒಂದು ಹೋಳು ನಿಮಗೆ, ಒಂದು ನಮಗೆ. ಕೊಳವೆ ಇಲ್ಲದಿದ್ದರೂ ಇಲ್ಲ ಎಂದು ಬರೆಯಿರಿ.

ಷಣ್ಮುಖಪ್ಪ

ಮರೆತೆ: ಕೊಯ್ಯುವ ಯಂತ್ರದಿಂದ ನಿಮ್ಮ ಕೈ ಜೋಪಾನ.


ಧಾರವಾಡ
9 ಅಕ್ಟೋಬರ್ 2024

ಷಣ್ಮುಖಪ್ಪಣ್ಣ,

ನಿನ್ನೆ ಮಂಗಳವಾರ ಕೊಯ್ದೆ. ನನ್ನ ಕೈ ಜೋಪಾನವಾಗಿದೆ, ಕಲ್ಲೂ ಜೋಪಾನ. ಒಂದಿಷ್ಟೂ ಒಡೆಯದೆ ನೇರವಾಗಿ ಎರಡಾಯಿತು.

ಕೊಯ್ದ ಮುಖವನ್ನು ತೊಳೆದು, ಬೆಳಕಿಗೆ ಹಿಡಿದು ನೋಡಿದೆ. ಕೊಳವೆ ಇದೆ. ಕೊಕ್ಕಿನ ಕೆಳಗೆ, ಅಕ್ಕಿಕಾಳಿನ ತುದಿಯಷ್ಟು ಸಣ್ಣ ಉಂಗುರ. ಒಳಗೆ ಬೆಳ್ಳಗಿನ ಹರಳು ತುಂಬಿಕೊಂಡಿದೆ. ಹಾಗಾಗಿ ಈಗ ಸಂಶಯವಿಲ್ಲದೆ ಹೇಳಬಹುದು: ಸಿರಿಂಗೋಥೈರಿಸ್. ಕೊಳಲು, ಪುಟ್ಟ ಬಾಗಿಲು ಎಂಬ ಎರಡು ಗ್ರೀಕ್ ಪದಗಳು ಸೇರಿ ಆದ ಹೆಸರು. ಆ ಕೊಳವೆ ಪ್ರಾಣಿಗೆ ಯಾವ ಕೆಲಸಕ್ಕೆ ಬರುತ್ತಿತ್ತು ಎಂದು ನನ್ನನ್ನು ಕೇಳಿದರೆ, ನನಗೆ ಗೊತ್ತಿಲ್ಲ.

ನನ್ನ ಹೋಳಿಗೆ ಚೀಟಿ ಬರೆದೆ. ಸಿಕ್ಕ ಸ್ಥಳ ಎಂಬ ಜಾಗದಲ್ಲಿ ಸಾಮಾನ್ಯವಾಗಿ ಬೆಟ್ಟದ ಹೆಸರು ಬರೆಯುತ್ತೇವೆ. ನಾನು 'ತಿಳಿಯದು, ಕಾವಲಹಟ್ಟಿಯ ಷಣ್ಮುಖಪ್ಪನವರ ಮನೆಯ ದೇವರ ಗೂಡು' ಎಂದು ಬರೆದೆ. ನಮ್ಮ ಮುಖ್ಯಸ್ಥರು ನೋಡಿ ಹುಬ್ಬೇರಿಸಿದರು. ಅಳಿಸಲು ಹೇಳಲಿಲ್ಲ.

ನಿಮ್ಮ ಹೋಳು ಈ ಕಾಗದದೊಂದಿಗೆ ಅಬ್ಬಾನ ಕೈಯಲ್ಲಿ ಬರುತ್ತಿದೆ. ಈ ಸಲ ಮೇಲೂ ಹತ್ತಿ ಹಾಕಿದ್ದೇನೆ.

ಶಿರೀನ್


ಕಾವಲಹಟ್ಟಿ
3 ನವೆಂಬರ್ 2024

ಶಿರೀನಮ್ಮ,

ಹೋಳು ತಲುಪಿತು. ಉಂಗುರ ನೋಡಿದೆ. ಯಶೋದಾ ಕನ್ನಡಕ ಹಾಕಿಕೊಂಡು ನೋಡಿ, "ಇದರ ಗಂಟಲು ಎಷ್ಟು ಸಣ್ಣದು, ಪಾಪ" ಎಂದಳು. ಈಗ ಹೊರಗಿನ ಮುಖ ಗೊರಸು, ಒಳಗಿನ ಮುಖ ಚಿಪ್ಪು. ಅವಳು ಒಳಗಿನ ಮುಖ ಕಾಣುವ ಹಾಗೆ ಗೂಡಿನಲ್ಲಿಟ್ಟಿದ್ದಾಳೆ. ಕೊಯ್ದ ಕಡೆ ಎಣ್ಣೆ ಹಚ್ಚಬಹುದೇ, ಬೇಡವೇ, ಬರೆಯಿರಿ. ಅಲ್ಲಿಯವರೆಗೆ ಹಚ್ಚುವುದಿಲ್ಲ.

ಈ ಕಾಗದ ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೆಳಗ್ಗೆ ಅಂಜಿನಮ್ಮ ಬಾಗಿಲಿಗೆ ಬಂದಳು. ಲಿಂಗದಹಳ್ಳಿ ದಾರಿಯಲ್ಲಿ ತೋಟದ ಮನೆ ಮಾಡಿಕೊಂಡಿರುವ ಅವಳ ತಮ್ಮ ತಮ್ಮಯ್ಯನ ಎಮ್ಮೆಗೆ ನೋವು ಶುರುವಾಗಿದೆಯಂತೆ, ಮೊದಲ ಕರು. ಆಟೋ ತಂದಿದ್ದಳು. ನಾನು ಹೋಳನ್ನು ತಂದು ತೋರಿಸಿದೆ. ಇದು ಅರ್ಧವೇ ಇದೆ, ಇನ್ನರ್ಧ ಧಾರವಾಡದಲ್ಲಿದೆ, ಇದು ಗೊರಸೂ ಅಲ್ಲ, ಸಮುದ್ರದ ಚಿಪ್ಪು, ಅವತ್ತು ನಿಮ್ಮ ಮನೆಗೆ ತಂದದ್ದು ಇದೂ ಅಲ್ಲ, ಹಿಮ್ಮಡಿ ಕಲ್ಲು ಎಂದು ಎಲ್ಲ ಹೇಳಿದೆ. ಧ ದಲ್ಲಿ ಸಿಕ್ಕಿಕೊಂಡೆ. ಪದ ಬದಲಿಸಲಿಲ್ಲ, ಅಲ್ಲೇ ನಿಂತೆ, ಅದು ಬರುವವರೆಗೆ. ಅಂಜಿನಮ್ಮ ನನ್ನ ಪರವಾಗಿ ಪದ ಮುಗಿಸಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೂರ್ತಿ ಕೇಳಿದಳು. ಹಿಮ್ಮಡಿ ಕಲ್ಲು ಎಂದಾಗ ಯಶೋದಾ ಕಡೆ ಒಂದು ಸಲ ನೋಡಿದಳು. ಆಮೇಲೆ ನನಗೆ ಹೇಳಿದಳು:

"ಅರ್ಧ ಸಾಕು ಬಿಡಪ್ಪ. ಬಾಯಿ ಮಾತ್ರ ಪೂರ್ತಿ ತಗೊಂಡ್ ಬಾ."

ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದಾನೆ. ಹೋಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿದ್ದೇನೆ. ಪಶು ಡಾಕ್ಟರ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು, ಅದೇ ಗಂಟಿನೊಳಗೆ ಇಟ್ಟಿದ್ದೇನೆ. ಈ ಗಂಟನ್ನು ಬಿಚ್ಚಬಹುದು ಎಂದು ಅಲ್ಲಿಯವರಿಗೆ ಹೋದ ಕೂಡಲೇ ಹೇಳಬೇಕು. ಬ ಅಷ್ಟೇನೂ ಕಷ್ಟವಲ್ಲ.

ಷಣ್ಮುಖಪ್ಪ